ಸ್ಕೂಲ್ ಡಿಸ್ಟ್ರಿಕ್ಟ್ ಬಜೆಟ್ ಓದುವುದು ಹೇಗೆ? ಕ್ಯಾಲಿಫೋರ್ನಿಯಾದ ನಮ್ಮ ಅಪ್ಪ ಅಮ್ಮಂದಿರಿಗೆ

ಚಳಿಗಾಲ ಬಂತೆಂದರೆ ಕ್ಯಾಲಿಫೋರ್ನಿಯಾದ ಎಷ್ಟೋ ಸ್ಕೂಲ್ ಡಿಸ್ಟ್ರಿಕ್ಟ್‌ಗಳಿಂದ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆಗಳಿಂದ) ಒಂದು ಈಮೇಲ್ ಬರುತ್ತದೆ. ದುಡ್ಡು ಸಾಲುತ್ತಿಲ್ಲ, ಲೈಬ್ರರಿಯನ್ ಹುದ್ದೆಗೋ ಮ್ಯೂಸಿಕ್ ಕ್ಲಾಸಿಗೋ ಕತ್ತರಿ ಬೀಳಬಹುದು ಅಂತ. ವಾಟ್ಸಾಪ್ ಗ್ರೂಪಿನಲ್ಲಿ ಗಲಾಟೆ ಶುರು: ಇಷ್ಟೊಂದು ಪ್ರಾಪರ್ಟಿ ಟ್ಯಾಕ್ಸ್ ಕಟ್ತೀವಲ್ಲ, ಅದೆಲ್ಲ ಎಲ್ಲಿಗೆ ಹೋಗುತ್ತೆ? ಉತ್ತರ ಡಿಸ್ಟ್ರಿಕ್ಟಿನ ವೆಬ್‌ಸೈಟಿನಲ್ಲೇ ಇದೆ, ಉದ್ದನೆಯ ಪಿಡಿಎಫ್ ಒಂದರಲ್ಲಿ. ಅದನ್ನು ಪೂರ್ತಿ ಓದಬೇಕಿಲ್ಲ, ಎಲ್ಲಿ ನೋಡಬೇಕು ಅಂತ ಗೊತ್ತಿದ್ದರೆ ಸಾಕು.

1. ನಿಮ್ಮದು ಯಾವ ಬಗೆಯ ಡಿಸ್ಟ್ರಿಕ್ಟ್?

ಮೊದಲು ಟ್ಯಾಕ್ಸ್ ವಿಷಯ. 1978ರಲ್ಲಿ ಮತದಾರರು ಒಪ್ಪಿದ ಪ್ರೊಪೊಸಿಷನ್ 13 ಪ್ರಕಾರ ಮೂಲ ಪ್ರಾಪರ್ಟಿ ಟ್ಯಾಕ್ಸ್ ಮನೆಯ ಲೆಕ್ಕದ ಬೆಲೆಯ ಶೇ 1ನ್ನು ದಾಟುವಂತಿಲ್ಲ. ಟ್ಯಾಕ್ಸ್‌ಗೆ ಹಿಡಿಯುವ ಈ ಬೆಲೆಯೂ ವರ್ಷಕ್ಕೆ ಶೇ 2ಕ್ಕಿಂತ ಜಾಸ್ತಿ ಏರುವಂತಿಲ್ಲ, ಮನೆ ಮಾರಾಟವಾಗುವ ತನಕ. ಅದಕ್ಕೇ 1980ರಲ್ಲಿ ಮನೆ ಕೊಂಡ ಪಕ್ಕದ ಮನೆಯವರ ಬಿಲ್ ನೋಡಿದರೆ ನಿಮಗೆ ಹೊಟ್ಟೆ ಉರಿಯುತ್ತದೆ.

ಇನ್ನು, ಒಂದು ಮಗುವಿಗೆ ಎಷ್ಟು ದುಡ್ಡು ಅನ್ನುವುದನ್ನು 2013ರಿಂದ ರಾಜ್ಯದ ಸೂತ್ರವೇ ಹೇಳುತ್ತದೆ. ಅದರ ಹೆಸರು ಲೋಕಲ್ ಕಂಟ್ರೋಲ್ ಫಂಡಿಂಗ್ ಫಾರ್ಮುಲಾ. ಇಂಗ್ಲಿಷ್ ಕಲಿಯುತ್ತಿರುವ ಮಕ್ಕಳು, ಬಡ ಮನೆಯ ಮಕ್ಕಳು, ಫಾಸ್ಟರ್ ಆರೈಕೆಯಲ್ಲಿರುವ ಮಕ್ಕಳಿಗೆ ಶೇ 20 ಹೆಚ್ಚುವರಿ ಸಿಗುತ್ತದೆ. ಇಂಥ ಮಕ್ಕಳು ಶೇ 55 ದಾಟಿದರೆ ಇನ್ನೂ ಜಾಸ್ತಿ. ಆ ಮೊತ್ತಕ್ಕೆ ಮೊದಲು ಊರಿನ ಪ್ರಾಪರ್ಟಿ ಟ್ಯಾಕ್ಸ್ ಜಮಾ ಆಗುತ್ತದೆ, ಕಡಿಮೆ ಬಿದ್ದದ್ದನ್ನು ರಾಜ್ಯ ತುಂಬುತ್ತದೆ. ಅಂದರೆ ನಿಮ್ಮ ಬೀದಿಯಲ್ಲಿ ನಾಲ್ಕು ಮನೆ ಕೋಟಿಗಟ್ಟಲೆಗೆ ಮಾರಾಟವಾದರೂ ಶಾಲೆಗೆ ಡಾಲರ್ ಕೂಡ ಜಾಸ್ತಿ ಬರುವುದಿಲ್ಲ, ರಾಜ್ಯ ಕೊಡಬೇಕಾದ ಪಾಲು ಅಷ್ಟು ಕಡಿಮೆ ಆಗುತ್ತದೆ ಅಷ್ಟೇ.

ಇದಕ್ಕೊಂದು ಅಪವಾದ ಇದೆ. ಪಾಲೋ ಆಲ್ಟೋದಂಥ ಕಡೆ ಊರಿನ ಟ್ಯಾಕ್ಸೇ ಸೂತ್ರದ ಮೊತ್ತವನ್ನು ಮೀರುತ್ತದೆ, ಮೀರಿದ್ದು ಅವರಿಗೇ ಉಳಿಯುತ್ತದೆ. ಇವನ್ನು 'ಬೇಸಿಕ್ ಏಡ್' ಡಿಸ್ಟ್ರಿಕ್ಟ್ ಅನ್ನುತ್ತಾರೆ. ಬಜೆಟ್ ಪಿಡಿಎಫ್‌ನಲ್ಲಿ ಈ ಪದ ಹುಡುಕಿ. ಸಿಗದಿದ್ದರೆ 'ಕಮ್ಯುನಿಟಿ ಫಂಡೆಡ್' ಅಂತ ಹುಡುಕಿ. ಎರಡೂ ಇಲ್ಲವೆಂದರೆ ಬಹುಶಃ ನಿಮ್ಮದು ಸೂತ್ರದ ಡಿಸ್ಟ್ರಿಕ್ಟ್.

2. ಹಾಜರಿ ನೋಡಿ

ಸೂತ್ರದ ಡಿಸ್ಟ್ರಿಕ್ಟ್‌ಗಳಲ್ಲಿ ದುಡ್ಡು ಬರುವುದು ದಾಖಲಾತಿಗಲ್ಲ, ದಿನದ ಸರಾಸರಿ ಹಾಜರಿಗೆ. ಮಗುವಿಗೆ ಜ್ವರ ಅಂತ ಚೀಟಿ ಕೊಟ್ಟರೂ ಆ ದಿನದ ದುಡ್ಡು ಹೋಯಿತು. ಈಗ ನಮ್ಮ ಅಭ್ಯಾಸ ನೋಡಿ. ಡಿಸೆಂಬರ್‌ನಲ್ಲಿ ಬೆಂಗಳೂರಿಗೆ ಹಾರಿ, ಟಿಕೆಟ್ ಅಗ್ಗ ಅಂತಲೋ ಯಾರದೋ ಮದುವೆ ಇದೆ ಅಂತಲೋ ಸಂಕ್ರಾಂತಿ ಮುಗಿಸಿಕೊಂಡೇ ವಾಪಸ್ ಬರುವುದು! ಹೋಗಬೇಡಿ ಅಂತ ನಾನು ಹೇಳುತ್ತಿಲ್ಲ. ಹೊರಡುವ ಮುಂಚೆ ಶಾಲೆಯ ಆಫೀಸಿನಲ್ಲಿ 'ಇಂಡಿಪೆಂಡೆಂಟ್ ಸ್ಟಡಿ' ಒಪ್ಪಂದ ಕೇಳಿ. ಟೀಚರ್ ಕೊಟ್ಟ ಕೆಲಸವನ್ನು ಮಗು ಮಾಡಿ ಒಪ್ಪಿಸಿದರೆ ಹಾಜರಿ ಲೆಕ್ಕಕ್ಕೆ ಸಿಗುತ್ತದೆ.

ಮಕ್ಕಳ ಸಂಖ್ಯೆಯೇ ಕುಸಿಯುತ್ತಿದ್ದರೆ ಅದು ಬೇರೆ ಕಥೆ. ಬಾಡಿಗೆ ಕಟ್ಟಲಾಗದೆ ಚಿಕ್ಕ ಮಕ್ಕಳಿರುವ ಕುಟುಂಬಗಳು ಊರು ಬಿಡುತ್ತವೆ, ಹುಟ್ಟುವ ಮಕ್ಕಳೂ ಕಡಿಮೆ. ನಮ್ಮವರು ತುಂಬಿರುವ ಕ್ಯುಪರ್ಟಿನೋ ಡಿಸ್ಟ್ರಿಕ್ಟಿನಲ್ಲೇ 2022ರಲ್ಲಿ ರೆಗ್ನಾರ್ಟ್, ಮೈಯರ್‌ಹೋಲ್ಜ್ ಎಲಿಮೆಂಟರಿ ಶಾಲೆಗಳು ಮುಚ್ಚಿದವು. ಈಗ ಹಿಂದಿನ 3 ವರ್ಷದ ಸರಾಸರಿ ಹಾಜರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲು ಅವಕಾಶ ಇರುವುದರಿಂದ ಹೊಡೆತ ತಡವಾಗಿ ಬೀಳುತ್ತದೆ, ತಪ್ಪುವುದಿಲ್ಲ.

3. ಸರಿಯಾದ ಪುಟ ತೆಗೆಯಿರಿ

'ಇಂಟೆರಿಮ್ ರಿಪೋರ್ಟ್' (ವರ್ಷದ ನಡುವೆ ಬರುವ ಲೆಕ್ಕದ ವರದಿ) ವರ್ಷಕ್ಕೆರಡು ಬರುತ್ತದೆ, ಡಿಸೆಂಬರ್ 15 ಮತ್ತು ಮಾರ್ಚ್ 15ರೊಳಗೆ. ಅದರಲ್ಲಿ 'ಜನರಲ್ ಫಂಡ್' ಪುಟಕ್ಕೆ ಹೋಗಿ, ದಿನನಿತ್ಯದ ಖರ್ಚಿನ ಮುಖ್ಯ ಖಾತೆ ಅದೇ. ಅಲ್ಲಿ ಲೆಕ್ಕ ಎರಡು ಭಾಗವಾಗಿರುತ್ತದೆ. 'ರಿಸ್ಟ್ರಿಕ್ಟೆಡ್' ಅಂದರೆ ಇಂಥದ್ದಕ್ಕೇ ಅಂತ ಕಟ್ಟಿಹಾಕಿದ ದುಡ್ಡು. 'ಅನ್‌ರಿಸ್ಟ್ರಿಕ್ಟೆಡ್' ಅಂದರೆ ಡಿಸ್ಟ್ರಿಕ್ಟ್ ನಡೆಸುವ ಸ್ಕೂಲ್ ಬೋರ್ಡ್ ತನ್ನಿಷ್ಟದಂತೆ ಖರ್ಚು ಮಾಡಬಹುದಾದದ್ದು. ಜನ ಒಟ್ಟು ಮೊತ್ತ ನೋಡಿ, ಇಷ್ಟು ಮಿಲಿಯನ್ ಇದೆಯಲ್ಲ ಅಂತ ಜಗಳಕ್ಕೆ ನಿಲ್ಲುತ್ತಾರೆ. ನೀವು 'ಅನ್‌ರಿಸ್ಟ್ರಿಕ್ಟೆಡ್' ಭಾಗ ಮಾತ್ರ ನೋಡಿ.

ಎಡಗಡೆ ನಂಬರ್‌ಗಳಿರುತ್ತವೆ. 1000ದ ಸಾಲು ಟೀಚರ್, ಪ್ರಿನ್ಸಿಪಾಲ್ ಮೊದಲಾದವರ ಸಂಬಳ, 2000 ಉಳಿದ ಸಿಬ್ಬಂದಿಯದು, 3000 ಪಿಂಚಣಿ ಮತ್ತು ಆರೋಗ್ಯ ವಿಮೆ. ಈ ಮೂರರಲ್ಲೇ ಬಹುಪಾಲು ದುಡ್ಡು ಮುಗಿಯುತ್ತದೆ. ಟೀಚರ್‌ಗಳ ಪಿಂಚಣಿಗೆ ಡಿಸ್ಟ್ರಿಕ್ಟ್ ಕಟ್ಟುವ ಪಾಲು 2013ರಲ್ಲಿ ಸಂಬಳದ ಶೇ 8.25 ಇತ್ತು. 2022ರ ಹೊತ್ತಿಗೆ ಶೇ 19.1 ಆಯಿತು. ಇದು ಬೋರ್ಡಿನ ಕೈಯಲ್ಲಿಲ್ಲ, ರಾಜ್ಯದ ಕಾನೂನು.

ಕೆಳಗೆ 8980 ಅಂತ ಒಂದು ಸಾಲಿದೆ, 'ಕಾಂಟ್ರಿಬ್ಯೂಷನ್ಸ್'. ಬಜೆಟ್ಟಿನಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಅನ್‌ರಿಸ್ಟ್ರಿಕ್ಟೆಡ್ ದುಡ್ಡಿನಿಂದ ಎಷ್ಟು ಆಚೆ ಹೋಗುತ್ತಿದೆ ಅಂತ ಇಲ್ಲಿ ಕಾಣುತ್ತದೆ. ಅದರಲ್ಲಿ ದೊಡ್ಡ ಪಾಲು ಸಾಮಾನ್ಯವಾಗಿ ಸ್ಪೆಷಲ್ ಎಜುಕೇಷನ್‌ಗೆ, ಅಂದರೆ ಅಂಗವೈಕಲ್ಯ ಇರುವ ಮಕ್ಕಳ ಓದಿಗೆ. 1975ರ ಕಾನೂನಿನಲ್ಲಿ ಫೆಡರಲ್ ಸರ್ಕಾರ ಇಂಥ ಪ್ರತಿ ಮಗುವಿಗೆ, ದೇಶದಲ್ಲಿ ಒಂದು ಮಗುವಿನ ಓದಿಗಾಗುವ ಸರಾಸರಿ ಖರ್ಚಿನ ಶೇ 40ರ ತನಕ ಕೊಡುವ ಮಾತಾಡಿತ್ತು. ಇವತ್ತಿನ ತನಕ ಅಷ್ಟು ಕೊಟ್ಟೇ ಇಲ್ಲ. ಸೇವೆ ಕೊಡುವುದಂತೂ ಕಡ್ಡಾಯ, ಕೊಡಲೂ ಬೇಕು. ಹಾಗಾಗಿ ಮೀಟಿಂಗಿನಲ್ಲಿ ಯಾರಾದರೂ ಆ ಮಕ್ಕಳ ಮೇಲೆ ಬೆರಳು ತೋರಿಸಿದರೆ ಈ ಸಾಲಿನ ಕಥೆ ಹೇಳಿ.

ಕೊನೆಗೆ 'ಮಲ್ಟಿ-ಇಯರ್ ಪ್ರೊಜೆಕ್ಷನ್'. ಈ ವರ್ಷ, ಮುಂದಿನ ಎರಡು ವರ್ಷ. ಮೂರನೇ ವರ್ಷದ ಉಳಿತಾಯ ಎಷ್ಟಿದೆ ನೋಡಿ. ಮಧ್ಯಮ ಗಾತ್ರದ ಡಿಸ್ಟ್ರಿಕ್ಟ್‌ಗಳಿಗೆ ಖರ್ಚಿನ ಶೇ 3ರಷ್ಟಾದರೂ ಇರಲೇಬೇಕು. ಕಷ್ಟ ಅನ್ನಿಸಿದರೆ ಡಿಸ್ಟ್ರಿಕ್ಟ್ ತನಗೆ ತಾನೇ 'ಕ್ವಾಲಿಫೈಡ್' (ಖರ್ಚು ನಿಭಾಯಿಸಲು ಆಗದೇ ಹೋಗಬಹುದು) ಅಥವಾ 'ನೆಗೆಟಿವ್' (ನಿಭಾಯಿಸಲು ಆಗುವುದಿಲ್ಲ) ಅಂತ ಮುದ್ರೆ ಒತ್ತಿಕೊಳ್ಳಬೇಕು. 2024ರ ಸೆಪ್ಟೆಂಬರ್‌ಗೆ ಕೋವಿಡ್ ನೆರವಿನ ಗಡುವು ಮುಗಿಯಿತು. ಆ ದುಡ್ಡಿನಲ್ಲಿ ಕೌನ್ಸೆಲರ್‌ಗಳನ್ನು ತೆಗೆದುಕೊಂಡಿದ್ದ ಕಡೆ ಅವರ ಸಂಬಳಕ್ಕೆ ಬೇರೆ ದಾರಿ ಹುಡುಕಬೇಕಾಯಿತು.

4. ಪಾರ್ಸೆಲ್ ಟ್ಯಾಕ್ಸ್ ಬೇರೆ, ಬಾಂಡ್ ಬೇರೆ

ಬಾಂಡ್ ಅಂದರೆ ಮತದಾರರ ಒಪ್ಪಿಗೆ ಪಡೆದು ಡಿಸ್ಟ್ರಿಕ್ಟ್ ಎತ್ತುವ ಸಾಲ. ಆ ದುಡ್ಡು ಕಟ್ಟಡಕ್ಕೆ ಮಾತ್ರ, ಸಂಬಳಕ್ಕೆ ಮುಟ್ಟುವಂತಿಲ್ಲ. ಅದಕ್ಕೇ ಹೊಸ ಜಿಮ್ ಎದ್ದು ನಿಲ್ಲುತ್ತಿರುವಾಗಲೇ ಟೀಚರ್‌ಗಳನ್ನು ಮನೆಗೆ ಕಳಿಸುವ ವಿಚಿತ್ರ ಕಾಣುತ್ತದೆ. ಬಾಂಡ್‌ಗೆ ಶೇ 55 ಮತ ಸಾಕು. ಡಿಸ್ಟ್ರಿಕ್ಟ್ ಹಾಕುವ ಪಾರ್ಸೆಲ್ ಟ್ಯಾಕ್ಸ್ (ಬೆಲೆ ನೋಡದೆ ಒಂದೊಂದು ಆಸ್ತಿಯ ಮೇಲೆ ಹಾಕುವ ತೆರಿಗೆ) ಸಂಬಳಕ್ಕೂ ಆಗುತ್ತದೆ, ಆದರೆ ಮೂರನೇ ಎರಡರಷ್ಟು ಮತ ಬೇಕು. ಎಚ್-1ಬಿಯಲ್ಲೋ ಗ್ರೀನ್ ಕಾರ್ಡಿನಲ್ಲೋ ಇದ್ದು ಮನೆ ಕೊಂಡವರು ಈ ಟ್ಯಾಕ್ಸ್ ಕಟ್ಟುತ್ತಾರೆ, ಮತ ಮಾತ್ರ ಹಾಕುವಂತಿಲ್ಲ.

5. ಮತ ಇಲ್ಲದಿದ್ದರೂ ಮೈಕ್ ಇದೆ

ಸ್ಕೂಲ್ ಬೋರ್ಡ್ ಮೀಟಿಂಗಿನಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ. ಮಾಮೂಲಿ ಮೀಟಿಂಗಿನ ಅಜೆಂಡಾ 72 ಗಂಟೆ ಮುಂಚೆ ಹಾಕಬೇಕು ಅಂತ ಕಾನೂನಿದೆ. ಎರಡು ಮೂರು ನಿಮಿಷ ಸಿಗುತ್ತದೆ, ಅದರಲ್ಲಿ ಒಂದೇ ಪ್ರಶ್ನೆ ಕೇಳಿ. ಮ್ಯೂಸಿಕ್ ಬೇಕು ಅಂತ ಗೋಳಾಡುವುದಕ್ಕಿಂತ "ಮೂರನೇ ವರ್ಷದ ಕೊರತೆಯನ್ನು ಹಾಜರಿ ಎಷ್ಟು ಅಂತ ಅಂದಾಜಿಟ್ಟು ಲೆಕ್ಕ ಹಾಕಿದ್ದೀರಿ?" ಅಂತ ಕೇಳಿದರೆ ಎದುರಿಗಿರುವವರು ಕಾಗದ ತಿರುಗಿಸಲೇಬೇಕು.

ಯಾವಾಗ ಹೋಗುತ್ತೀರಿ ಅನ್ನುವುದೂ ಮುಖ್ಯ. ಬಜೆಟ್ ಪಾಸಾಗುವುದು ಜೂನ್ ಕೊನೆಯೊಳಗೆ ನಿಜ, ಆದರೆ ಟೀಚರ್‌ಗಳಿಗೆ ಲೇಆಫ್ ನೋಟಿಸ್ ಮಾರ್ಚ್ 15ರೊಳಗೇ ಹೋಗಬೇಕು. ಯಾವ ಹುದ್ದೆ ತೆಗೆಯಬೇಕು ಅನ್ನುವ ಪಟ್ಟಿಗೆ ಬೋರ್ಡ್ ಅದಕ್ಕೂ ಮುಂಚೆ ಒಪ್ಪಿಗೆ ಕೊಟ್ಟಿರುತ್ತದೆ. ಜನವರಿ 10ರೊಳಗೆ ಗವರ್ನರ್ ಬಜೆಟ್ ಬರುತ್ತದೆ. ಅಲ್ಲಿಂದ ಫೆಬ್ರವರಿ ಕೊನೆಯ ತನಕ ನಡೆಯುವ ಮೀಟಿಂಗ್‌ಗಳಿಗೆ ಹೋಗಿ.