ವಂಡರ್‌ಲಾಗೆ ಹೊರಟಿದ್ದೀರಾ? ಎರಡು ವಾರ ಮೊದಲೇ ಚೀಲ ತೆಗೆಯಿರಿ

ಬೆಂಗಳೂರಿನಾಚೆ ಬಿಡದಿ ಬಳಿ ಇರುವ ವಂಡರ್‌ಲಾ ವಾಟರ್ ಪಾರ್ಕಿನ ಟಿಕೆಟ್ಟಿಗೆ ಎಷ್ಟು ಖರ್ಚಾಗುತ್ತದೆ ಎಂಬುದು ಮನೆಯವರಿಗೆಲ್ಲ ಮೊದಲೇ ಗೊತ್ತಿರುತ್ತದೆ. ಲೆಕ್ಕ ತಪ್ಪುವುದು ಗೇಟು ದಾಟಿದ ಮೇಲೆ. ಕಾಟನ್ ಬಟ್ಟೆಗೆ ಪ್ರವೇಶವಿಲ್ಲ ಎಂದು ಗೊತ್ತಾಗಿ ಅಲ್ಲೇ ಕೊಂಡ ಸ್ವಿಮ್ಮಿಂಗ್ ಡ್ರೆಸ್, ಮೊಬೈಲ್ ಪೌಚು, ಮರೆತುಬಂದ ಟವೆಲು, ಸಾಮಾನು ಹಿಡಿಸಲಿಲ್ಲವೆಂದು ತೆಗೆದುಕೊಂಡ ಎರಡನೇ ಲಾಕರು, ಮಕ್ಕಳು ಹಸಿದಾಗಲೆಲ್ಲ ಬರುವ ಐಸ್‌ಕ್ರೀಮು. ನಾಲ್ಕು ಜನರ ಕುಟುಂಬದಲ್ಲಿ ಇದನ್ನೆಲ್ಲ ನಾಲ್ಕರಿಂದ ಗುಣಿಸಬೇಕು. ಇವುಗಳಲ್ಲಿ ಅರ್ಧದಷ್ಟು ಮನೆಯಲ್ಲೇ ಇರುತ್ತವೆ. ಉಳಿದವನ್ನು ಚಿಕ್ಕಪೇಟೆಯಲ್ಲೋ ಮಲ್ಲೇಶ್ವರದಲ್ಲೋ ನಾಲ್ಕು ಅಂಗಡಿ ನೋಡಿ ಚೌಕಾಸಿ ಮಾಡಿ ತರಬಹುದು. ಅದಕ್ಕೆ ಬೇಕಾದದ್ದು ಸಮಯ ಮಾತ್ರ.

ಮೊದಲು ಗೋಡೆಗೆ ನಿಲ್ಲಿಸಿ ಅಳೆಯಿರಿ

ಮಕ್ಕಳ ಟಿಕೆಟ್ಟು ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಬುಕ್ ಮಾಡುವ ಮುನ್ನ ಚಪ್ಪಲಿ ಬಿಚ್ಚಿಸಿ, ಹಿಮ್ಮಡಿ ಗೋಡೆಗೆ ತಾಗಿಸಿ ನಿಲ್ಲಿಸಿ. ತಲೆಯ ಮೇಲೆ ಗಟ್ಟಿ ರಟ್ಟಿನ ಪುಸ್ತಕ ಅಡ್ಡ ಇಟ್ಟು ಗೆರೆ ಎಳೆದು ಟೇಪಿನಲ್ಲಿ ಅಳೆಯಿರಿ. ಹೋದ ವರ್ಷದ ಅಳತೆ ನಂಬಬೇಡಿ. ರೈಡುಗಳಿಗೂ ಒಂದೊಂದಕ್ಕೆ ಒಂದೊಂದು ಎತ್ತರದ ಮಿತಿ ಇದೆ. ಸರದಿ ತಪ್ಪಿಸುವ ದುಬಾರಿ ಫಾಸ್ಟ್‌ಟ್ರ್ಯಾಕ್ ಟಿಕೆಟನ್ನು ದೊಡ್ಡ ರೈಡುಗಳ ಎತ್ತರ ಮುಟ್ಟದ ಮಗುವಿಗೆ ಕೊಳ್ಳುವುದು ವ್ಯರ್ಥ.

ಶಾಲೆಗೆ ರಜೆ ಇಲ್ಲದ ಮಂಗಳವಾರ, ಬುಧವಾರ ಅಥವಾ ಗುರುವಾರ ಹೋಗಲು ಸಾಧ್ಯವಾದರೆ ಫಾಸ್ಟ್‌ಟ್ರ್ಯಾಕ್ ಟಿಕೆಟ್ಟೇ ಬೇಕಾಗದು. ಏಪ್ರಿಲ್, ಮೇ, ದಸರಾ, ಕ್ರಿಸ್‌ಮಸ್ ರಜೆಗಳಲ್ಲಿ ಸರದಿ ತಪ್ಪದು. ಮನೆಯಲ್ಲಿ ಕಾಲೇಜಿಗೆ ಹೋಗುವವರಿದ್ದರೆ ವಿದ್ಯಾರ್ಥಿ ರಿಯಾಯಿತಿ ಇದೆಯೇ ಎಂದು ಬುಕಿಂಗ್ ಪುಟದಲ್ಲಿ ನೋಡಿ. ಇದ್ದರೆ ಅಸಲಿ ಗುರುತಿನ ಚೀಟಿಯನ್ನು ಅಂದೇ ಚೀಲದ ಹೊರಗಿನ ಜೇಬಿಗೆ ಹಾಕಿಡಿ.

ಬಟ್ಟೆಯಲ್ಲೇ ಹೆಚ್ಚು ಉಳಿತಾಯ

ನೀರಿನ ರೈಡುಗಳಿಗೆ ನೈಲಾನ್, ಪಾಲಿಯೆಸ್ಟರ್, ಲೈಕ್ರಾದಂಥ ಸಿಂಥೆಟಿಕ್ ಬಟ್ಟೆ ಬೇಕು. ಕಾಟನ್ ತನ್ನ ತೂಕಕ್ಕಿಂತ ಹೆಚ್ಚು ನೀರು ಹೀರಿ ಜೋತುಬೀಳುತ್ತದೆ, ಸ್ಲೈಡಿನ ಮೇಲೆ ಜಾರದೆ ಎಳೆಯುತ್ತದೆ, ಅದರ ನೂಲೆಳೆ ಉದುರಿ ಕೊಳದ ಫಿಲ್ಟರಿಗೆ ಸೇರುತ್ತದೆ. ಜೀನ್ಸಿನ ರಿವೆಟ್ಟು, ಲೋಹದ ಜಿಪ್ಪು, ಗುಂಡಿಗಳು ಫೈಬರ್ ಸ್ಲೈಡನ್ನು ಗೀರುತ್ತವೆ, ಹಿಂದೆ ಬರುವವರ ಚರ್ಮಕ್ಕೂ ಅಪಾಯ. ಹಾಗಾಗಿ ಈ ನಿಯಮದಲ್ಲಿ ವಿನಾಯಿತಿ ಕೇಳಿ ಪ್ರಯೋಜನವಿಲ್ಲ.

ಅಂಗಡಿಗೆ ಹೋಗುವ ಮೊದಲು ಬೀರು ತೆರೆಯಿರಿ. ಮಕ್ಕಳ ಶಾಲೆಯ ಪಿ.ಟಿ. ಟೀ ಶರ್ಟು ಮತ್ತು ಟ್ರ್ಯಾಕ್ ಪ್ಯಾಂಟು, ಗಂಡಸರ ಕ್ರಿಕೆಟ್ ಜೆರ್ಸಿ, ಬೆಳಗಿನ ವಾಕಿಂಗಿನ ಡ್ರೈ ಫಿಟ್ ಟೀ ಶರ್ಟು, ಜಿಮ್ಮಿನ ಲೆಗ್ಗಿಂಗ್ಸು ಬಹುಪಾಲು ಪಾಲಿಯೆಸ್ಟರೇ ಆಗಿರುತ್ತವೆ. ಒಳಗೆ ಹೊಲಿದಿರುವ ಚೀಟಿ ಓದಿ. ನೂರಕ್ಕೆ ನೂರು ಪಾಲಿಯೆಸ್ಟರ್ ಅಥವಾ ನೈಲಾನ್ ಜೊತೆಗೆ ಎಲಾಸ್ಟೇನ್ (ಲೈಕ್ರಾ ಅಂದರೂ ಅದೇ) ಎಂದಿದ್ದರೆ ಸಾಕು. ಕಾಟನ್ ಬೆರೆತದ್ದಾದರೆ ಪಕ್ಕಕ್ಕಿಡಿ. ಮನೆಯಲ್ಲಿ ಹಾಕುವ ಸಾಮಾನ್ಯ ಲೆಗ್ಗಿಂಗ್ಸು ಹೆಚ್ಚಾಗಿ ಕಾಟನ್, ಅದರಲ್ಲೇ ಜನ ಮೋಸಹೋಗುವುದು. ಸೀರೆ, ಚೂಡಿದಾರ್, ದುಪಟ್ಟಾ ನೀರಿಗೆ ನಡೆಯುವುದಿಲ್ಲ. ಕೊಳಕ್ಕೆ ಇಳಿಯದೆ ದಡದಲ್ಲೇ ಕೂರುವ ಅಜ್ಜಿಗೆ ಹೊಸ ಬಟ್ಟೆ ಕೊಳ್ಳುವ ಅಗತ್ಯವೂ ಇಲ್ಲ.

ಆರಿಸಿಟ್ಟ ಬಟ್ಟೆ ಹಾಕಿ ಬಚ್ಚಲಲ್ಲಿ ಒಮ್ಮೆ ಮೈತುಂಬ ನೀರು ಸುರಿದುಕೊಳ್ಳಿ. ತೆಳು ಬಣ್ಣದ ಬಟ್ಟೆ ನೆನೆದರೆ ಪಾರದರ್ಶಕವಾಗುತ್ತದೆ, ಸೊಂಟದ ಎಲಾಸ್ಟಿಕ್ ಹಳತಾಗಿದ್ದರೆ ಜಾರುತ್ತದೆ. ಇವೆರಡೂ ಮನೆಯಲ್ಲೇ ಗೊತ್ತಾಗಲಿ. ಕೊಳ್ಳಲೇಬೇಕಾದರೆ ತುಂಬುತೋಳಿನ, ಗಾಢ ಬಣ್ಣದ್ದು ಆರಿಸಿ. ತೋಳು ಮುಚ್ಚಿದಷ್ಟೂ ಸನ್‌ಸ್ಕ್ರೀನ್ ಖರ್ಚು ಇಳಿಯುತ್ತದೆ. ಬೆಳೆಯುವ ಮಕ್ಕಳಿಗೆ ಒಂದು ಸೈಜು ದೊಡ್ಡದು ತರುವ ನಮ್ಮ ರೂಢಿ ಇಲ್ಲಿ ಮಾತ್ರ ಬೇಡ, ದೊಗಲೆ ಬಟ್ಟೆ ಸ್ಲೈಡಿನಲ್ಲಿ ಮೇಲಕ್ಕೆ ಸರಿದು ಬೆನ್ನು ತರಚುತ್ತದೆ.

ಕೂಸುಗಳಿಗೆ ಸಾಮಾನ್ಯ ಡೈಪರ್ ಹಾಕಿ ನೀರಿಗಿಳಿಸಿದರೆ ಅದು ನೀರು ಕುಡಿದು ಊದಿ ಕಳಚಿಕೊಳ್ಳುತ್ತದೆ. ಸ್ವಿಮ್ ಡೈಪರ್ ಬೇರೆಯೇ ಇದೆ. ತೊಳೆದು ಮತ್ತೆ ಬಳಸುವಂಥದ್ದು ಒಂದು ಕೊಂಡರೆ ಇಡೀ ಬೇಸಿಗೆಗೆ ಬರುತ್ತದೆ. ಅದು ಮೂತ್ರ ತಡೆಯುವುದಿಲ್ಲ, ಹಾಗಾಗಿ ಕಾರಿನಲ್ಲಿ ಹಾಕಬೇಡಿ, ನೀರಿಗಿಳಿಯುವ ಮುನ್ನವಷ್ಟೇ ಹಾಕಿ.

ಟವೆಲಿಗೆ ದಪ್ಪ ಟರ್ಕಿ ಟವೆಲು ಬೇಡ. ನೆನೆದರೆ ಹೊರಲಾರದ ಭಾರ, ಸಂಜೆಯವರೆಗೂ ಒಣಗುವುದಿಲ್ಲ. ತೆಳುವಾದ ಚೌಕುಳಿ ಟವೆಲು ತಲೆಗೊಂದು ಸಾಕು. ಕಾಲಿಗೆ ಹಿಂಬದಿ ಪಟ್ಟಿ ಇರುವ ರಬ್ಬರ್ ಸ್ಯಾಂಡಲ್ಲು ಒಳ್ಳೆಯದು. ಮಧ್ಯಾಹ್ನದ ಕಾಂಕ್ರೀಟ್ ನೆಲ ಅಂಗಾಲು ಸುಡುತ್ತದೆ. ಒಂದೇ ಥರದ ನೂರು ಜೊತೆ ಚಪ್ಪಲಿಗಳ ನಡುವೆ ನಿಮ್ಮದು ಸಿಗಬೇಕಾದರೆ ಒಳಭಾಗದಲ್ಲಿ ಮಾರ್ಕರಿನಿಂದ ಹೆಸರು ಬರೆದಿಡಿ.

ಪೌಚು ಪರೀಕ್ಷೆ, ಒಡವೆ, ಕನ್ನಡಕ

ಮೊಬೈಲ್ ಪೌಚನ್ನು ವಾರ ಮೊದಲೇ ತನ್ನಿ. ಅದರೊಳಗೆ ಒಣ ಟಿಶ್ಯೂ ಕಾಗದ ಇಟ್ಟು, ಬೀಗ ಹಾಕಿ, ಮೇಲೆ ಒಂದು ಲೋಟ ಹೇರಿ ಬಕೆಟ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿಡಿ. ಕಾಗದದ ಮೂಲೆ ಒದ್ದೆಯಾಗಿದ್ದರೂ ಆ ಪೌಚು ಬೇಡ, ಅಂಗಡಿಗೆ ಹಿಂತಿರುಗಿಸಲು ನಿಮಗೆ ದಿನ ಉಳಿದಿದೆ. ಕುಟುಂಬಕ್ಕೆ ಒಂದು ಫೋನು ಹೊರಗಿದ್ದರೆ ಸಾಕು, ಉಳಿದವು ಲಾಕರಿನಲ್ಲಿರಲಿ. ಒದ್ದೆ ಕೈಗೆ ಫೋನಿನ ಪರದೆ ಕೇಳುವುದಿಲ್ಲ, ಆದ್ದರಿಂದ ಸ್ವಲ್ಪ ನಗದನ್ನು ಸಣ್ಣ ಜಿಪ್ ಕವರಿನಲ್ಲಿಡಿ.

ಮಾಂಗಲ್ಯದ ಸರ, ಬಳೆ, ಕಾಲ್ಗೆಜ್ಜೆ, ಮಕ್ಕಳ ಓಲೆ ಮನೆಯಲ್ಲೇ ಇರಲಿ. ಅಲೆಯ ಕೊಳದಲ್ಲಿ ಕಳೆದ ಚಿನ್ನ ಹುಡುಕುವುದು ಕಷ್ಟ. ಕನ್ನಡಕಕ್ಕೆ ಹಿಂದಿನಿಂದ ಕಟ್ಟುವ ದಾರ ಬೇಕು. ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡು ನೀರಿಗೆ ಇಳಿಯಬಾರದು, ಲೆನ್ಸಿನಡಿ ಸೇರಿದ ನೀರು ಕಣ್ಣಿಗೆ ಗಂಭೀರ ಸೋಂಕು ತರಬಲ್ಲದು.

ಸನ್‌ಸ್ಕ್ರೀನ್ ಮತ್ತು ಔಷಧ ಡಬ್ಬಿ

ಎಸ್‌ಪಿಎಫ್ 30 ಅಥವಾ ಹೆಚ್ಚಿನ, ನೀರಿಗೆ ಬೇಗ ತೊಳೆದುಹೋಗದ ಸನ್‌ಸ್ಕ್ರೀನ್ ಬೇಕು. ಬಿಸಿಲಿಗೆ ಇಳಿಯುವ 15–20 ನಿಮಿಷ ಮೊದಲು ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ನೀರಲ್ಲಿ ಹೊರಳಾಡುವ ಮಕ್ಕಳಿಗೆ ಇನ್ನೂ ಬೇಗ. ದೊಡ್ಡವರೊಬ್ಬರ ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿ.ಲೀ. ಬೇಕಾಗುತ್ತದೆ, ಅಂದರೆ 50 ಮಿ.ಲೀ. ಟ್ಯೂಬು ಎರಡು ಸಲಕ್ಕೂ ಸಾಲದು. ತುಂಬುತೋಳು, ಉದ್ದ ಕಾಲಿನ ಬಟ್ಟೆ ಹಾಕಿದರೆ ಮುಖ, ಕತ್ತು, ಕೈ, ಪಾದ ಮಾತ್ರ ಉಳಿಯುತ್ತವೆ. ಆರು ತಿಂಗಳೊಳಗಿನ ಕೂಸಿಗೆ ನೆರಳೇ ರಕ್ಷಣೆ.

ಡಬ್ಬಿಯಲ್ಲಿ ಬ್ಯಾಂಡೇಡು, ಆಂಟಿಸೆಪ್ಟಿಕ್ ಮುಲಾಮು, ಮನೆಯವರ ನಿತ್ಯದ ಮಾತ್ರೆ ಇರಲಿ. ಜೊತೆಗೆ ಓಆರ್‌ಎಸ್ ಪೊಟ್ಟಣ. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, 200 ಮಿ.ಲೀ.ಗೆ ಎಂದು ಬರೆದ ಚಿಕ್ಕದೂ ಸಿಗುತ್ತದೆ. ಮಕ್ಕಳ ಬಾಟಲಿಗೆ ಚಿಕ್ಕದೇ ಸರಿ. ದೊಡ್ಡ ಪೊಟ್ಟಣವನ್ನು ಅಂದಾಜಿನ ಮೇಲೆ ಅರ್ಧ ಸುರಿದರೆ ಉಪ್ಪಿನ ಪ್ರಮಾಣ ಕೆಡುತ್ತದೆ. ವಾಂತಿ ತಡೆಯುವ ಮಾತ್ರೆ ತಲೆ ತಿರುಗಿದ ಮೇಲೆ ನುಂಗಿದರೆ ಫಲ ಕಡಿಮೆ, ಅರ್ಧದಿಂದ ಒಂದು ಗಂಟೆ ಮೊದಲು ತೆಗೆದುಕೊಳ್ಳಬೇಕು. ಮಕ್ಕಳಿಗಾದರೆ ವೈದ್ಯರನ್ನು ಕೇಳಿಯೇ ಕೊಡಿ.

ಬುತ್ತಿ ಎಲ್ಲಿ ಬಿಚ್ಚಬೇಕು

ಹೊರಗಿನ ಊಟ ತಿಂಡಿ ಪಾರ್ಕಿನೊಳಗೆ ಬಿಡುವುದಿಲ್ಲ, ಕೂಸುಗಳ ಆಹಾರಕ್ಕೆ ಮಾತ್ರ ವಿನಾಯಿತಿ. ಆದ್ದರಿಂದ ಮಧ್ಯಾಹ್ನದ ಊಟಕ್ಕೆ ಒಳಗೇ ದುಡ್ಡು ತೆಗೆದಿಡುವುದು ಜಾಣತನ. ಉಳಿತಾಯ ಅದರ ಹಿಂದುಮುಂದಿನ ಎರಡು ಹೊತ್ತುಗಳಲ್ಲಿದೆ. ಬೆಳಿಗ್ಗೆ ಗೇಟಿಗೆ ಹೋಗುವ ಒಂದು ಗಂಟೆ ಮೊದಲು ಇಡ್ಲಿಗೆ ಚಟ್ನಿಪುಡಿ, ಎಣ್ಣೆ ಸವರಿ ಕೊಡಿ, ಅಥವಾ ಚಪಾತಿ ಪಲ್ಯ. ಮನೆಯಲ್ಲಿ ಮಾಡಲು ಪುರಸೊತ್ತಿಲ್ಲದಿದ್ದರೆ ಬಿಡದಿಯ ತಟ್ಟೆ ಇಡ್ಲಿ ಪಾರ್ಕಿಗೆ ಹತ್ತಿರದಲ್ಲೇ ಸಿಗುತ್ತದೆ. ಹೊಟ್ಟೆ ಬಿರಿಯೆ ತಿನ್ನಿಸಬೇಡಿ, ತಿರುಗುವ ರೈಡಿನಲ್ಲಿ ಅದೇ ಮೇಲೆ ಬರುತ್ತದೆ.

ಸಂಜೆಗೆಂದು ಚಿತ್ರಾನ್ನ, ಮೊಸರನ್ನ ಕಟ್ಟಿ ಕಾರಿನಲ್ಲಿಡುವವರಿದ್ದಾರೆ. ದಯವಿಟ್ಟು ಬೇಡ. ಬಿಸಿಲಲ್ಲಿ ನಿಂತ ಕಾರಿನೊಳಗಿನ ಸೆಖೆಯಲ್ಲಿ ಅನ್ನದಲ್ಲಿನ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆ. ಅದು ಬಿಡುವ ವಿಷ ಮತ್ತೆ ಬಿಸಿ ಮಾಡಿದರೂ ಹೋಗುವುದಿಲ್ಲ. ಕೋಡುಬಳೆ, ನಿಪ್ಪಟ್ಟು, ಕಡಲೆ ಚಿಕ್ಕಿ, ಹುರಿಗಡಲೆ, ಪೂರ್ತಿ ಹಣ್ಣಾಗದ ಬಾಳೆಹಣ್ಣು ಇಡೀ ದಿನ ಕೆಡದೆ ಇರುತ್ತವೆ. ಗೇಟಿನಿಂದ ಹೊರಬಂದ ಕೂಡಲೇ ಕೈಗೆ ಸಿಗುವಂತೆ ಮುಂದಿನ ಸೀಟಿನ ಕೆಳಗಿಡಿ. ಖಾಲಿ ಸ್ಟೀಲ್ ಬಾಟಲಿಗಳನ್ನು ಒಳಗೆ ಒಯ್ದರೆ ಕುಡಿಯುವ ನೀರಿನ ನಲ್ಲಿಯಲ್ಲಿ ತುಂಬಿಸಿಕೊಳ್ಳಬಹುದು.

ಚೀಲ ಕಟ್ಟುವ ಕ್ರಮ

ಆಳಿಗೊಂದು ಚೀಲ ಎಂಬ ಲೆಕ್ಕದಲ್ಲಿ ಕಟ್ಟಿದರೆ ಎರಡು ಲಾಕರಿನ ಬಾಡಿಗೆ ಖಚಿತ. ಬಳಸುವ ಹೊತ್ತಿನ ಪ್ರಕಾರ ಕಟ್ಟಿ, ಎಲ್ಲವೂ 30–35 ಲೀಟರಿನ ಒಂದೇ ಬ್ಯಾಕ್‌ಪ್ಯಾಕಿಗೆ ಇಳಿಯಬೇಕು. ತೀರ ಕೆಳಗೆ ಒಣ ಬಟ್ಟೆ, ಪ್ರತಿಯೊಬ್ಬರದೂ ಬೇರೆ ಬೇರೆ ಪ್ಲಾಸ್ಟಿಕ್ ಕವರಿನಲ್ಲಿ, ಒಳಉಡುಪು ಸಮೇತ. ಜನ ಮರೆಯುವುದು ಒಳಉಡುಪನ್ನೇ. ಅದರ ಮೇಲೆ ಟವೆಲು, ನಂತರ ಔಷಧ ಡಬ್ಬಿ, ಎಲ್ಲಕ್ಕಿಂತ ಮೇಲೆ ಸನ್‌ಸ್ಕ್ರೀನ್ ಮತ್ತು ಪೌಚು. ಮೂರು ದಪ್ಪ ಖಾಲಿ ಕವರು ಮಡಚಿಡಿ, ಒದ್ದೆ ಬಟ್ಟೆ ಹಿಂಡಿ ತರಲು.

ಈಜುಡುಪನ್ನು ಚೀಲಕ್ಕೆ ಹಾಕುವ ಬದಲು ಮನೆಯಿಂದಲೇ ಒಳಗೆ ಹಾಕಿಕೊಂಡು ಹೊರಡಿ. ಮೊದಲು ಒಣ ರೈಡುಗಳು, ಆಮೇಲೆ ನೀರು. ಒದ್ದೆ ಮೈಯಲ್ಲಿ ಒಣ ರೈಡು ಹತ್ತಿಸುವುದಿಲ್ಲ, ಹಾಗಾಗಿ ತಿರುಗುಮುರುಗು ಮಾಡಿದರೆ ಎರಡು ಜೊತೆ ಬಟ್ಟೆ ಹೊರಬೇಕಾಗುತ್ತದೆ. ಚಿಕ್ಕ ಮಕ್ಕಳ ಮುಂಗೈ ಮೇಲೆ ನಿಮ್ಮ ಫೋನ್ ನಂಬರನ್ನು ನೀರಿಗೆ ಅಳಿಸದ ಮಾರ್ಕರಿನಲ್ಲಿ ಬರೆಯಿರಿ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜನ ಕಡಿಮೆ, ಆದರೆ ನಾಲ್ಕು ಗಂಟೆಯ ಗಾಳಿಗೆ ಮಕ್ಕಳು ನಡುಗುತ್ತಾರೆ. ತಲೆಗೊಂದು ಸ್ವೆಟರ್ ಸೇರಿಸಿ.

ದಾರಿ ಖರ್ಚು

ಕಾರಿನಲ್ಲಾದರೆ ಹಿಂದಿನ ರಾತ್ರಿಯೇ ಫಾಸ್ಟ್‌ಟ್ಯಾಗ್ ಬ್ಯಾಲೆನ್ಸ್ ನೋಡಿ. ಅದು ಕೆಲಸ ಮಾಡದೆ ಟೋಲಿನಲ್ಲಿ ನಗದು ಕೊಟ್ಟರೆ ಇಮ್ಮಡಿ ಶುಲ್ಕ. ಸ್ಕೂಟರ್, ಬೈಕ್, ಆಟೊಗಳಿಗೆ ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್‌ನಿಂದ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಮೆಟ್ರೊ ನೇರಳೆ ಮಾರ್ಗದಲ್ಲಿ ಕೆಂಗೇರಿಗೆ ಹೋಗಿ ಅಲ್ಲಿಂದ ಬಿಡದಿ ಕಡೆಯ ಬಸ್ಸು ಹಿಡಿಯುವುದು ಅಗ್ಗದ ದಾರಿ. ಆಗ ಒಂದೇ ಚೀಲದ ಬೆಲೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. ಕಾರಿನ ಸೀಟಿಗೆ ಹಳೆಯ ಪ್ಲಾಸ್ಟಿಕ್ ಹಾಳೆ ಹಾಸಿ ಅದರ ಮೇಲೊಂದು ಬೆಡ್‌ಶೀಟು ಹಾಕಿಬಿಡಿ.

ಮನೆಗೆ ಬಂದ ರಾತ್ರಿಯೇ ಒದ್ದೆ ಬಟ್ಟೆಯನ್ನು ಕವರಿನಿಂದ ತೆಗೆದು ತಣ್ಣೀರಿನಲ್ಲಿ ಎರಡು ಸಲ ಜಾಲಿಸಿ. ಕ್ಲೋರಿನ್ ಉಳಿದರೆ ಎಲಾಸ್ಟಿಕ್ ಸಡಿಲವಾಗಿ ಬಟ್ಟೆ ಮುಂದಿನ ಬೇಸಿಗೆಗೆ ಬರುವುದಿಲ್ಲ. ವಾಷಿಂಗ್ ಮೆಷಿನ್ನಿನ ಬಿಸಿನೀರು, ಡ್ರೈಯರ್ ಬೇಡ, ನೆರಳಿನಲ್ಲಿ ಹರವಿ. ಪೂರ್ತಿ ಒಣಗಿದ ಮೇಲೆ ಪೌಚು, ಕನ್ನಡಕದ ದಾರ, ಸ್ಯಾಂಡಲ್ಲು ಎಲ್ಲವನ್ನೂ ಒಂದೇ ಚೀಲದಲ್ಲಿ ಕಟ್ಟಿ ಅಟ್ಟದ ಮೇಲಿಡಿ. ಸನ್‌ಸ್ಕ್ರೀನಿನ ಮೇಲಿರುವ ಎಕ್ಸ್‌ಪೈರಿ ತಾರೀಕು ನೋಡಿಕೊಂಡು, ಉಳಿದದ್ದನ್ನು ದಿನವೂ ಆಟದ ಮೈದಾನಕ್ಕೆ ಹೋಗುವ ಮಕ್ಕಳಿಗೆ ಹಚ್ಚಿ ಮುಗಿಸಿ.