‘ಮೈ’ ಯಾವಾಗ, ‘ಮೈನ್’ ಯಾವಾಗ?

ಬೆಳಗಾವಿಯ ಶಹಾಪುರದಲ್ಲಿ ನಾನು ಸಂಜೆ ಹೊತ್ತು ಹೈಸ್ಕೂಲ್ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ಈ ಪಾಠ ಬಂದಾಗ ಮೊದಲು ಗ್ರಾಮರ್ ಪುಸ್ತಕ ಮುಚ್ಚಿಡಿ ಅನ್ನುತ್ತೇನೆ. ಅರ್ಧ ಪಾಠ ಅವರಿಗೆ ಕನ್ನಡದಲ್ಲಿ ಆಗಲೇ ಬರುತ್ತದೆ.

‘ಇದು ನನ್ನ ಪೆನ್ನು.’ ‘ಈ ಪೆನ್ನು ನಂದು.’ ಎರಡನ್ನೂ ಜೋರಾಗಿ ಹೇಳಿ ನೋಡಿ. ‘ಇದು ನನ್ನ’ ಅಂದು ಸುಮ್ಮನಾದರೆ, ನನ್ನ ಏನು ಅಂತ ಎದುರಿನವರು ಕೇಳುತ್ತಾರೆ. ‘ನಂದು’ ಅಂದರೆ ಮಾತು ಮುಗಿಯಿತು. ಇಂಗ್ಲಿಷಿನಲ್ಲೂ ಹಾಗೇ. ‘ಮೈ’ ಆದಮೇಲೆ ವಸ್ತುವಿನ ಹೆಸರು ಬೇಕೇ ಬೇಕು: ‘ದಿಸ್ ಈಸ್ ಮೈ ಪೆನ್.’ ಇದು ಪೊಸೆಸಿವ್ ಅಡ್ಜೆಕ್ಟಿವ್. ‘ಮೈನ್’ ಆದಮೇಲೆ ಹೆಸರು ಬರಬಾರದು: ‘ದಿಸ್ ಪೆನ್ ಈಸ್ ಮೈನ್.’ ಇದು ಪೊಸೆಸಿವ್ ಪ್ರೊನೌನ್.

ನಿನ್ನ–ನಿಂದು ‘ಯುವರ್–ಯುವರ್ಸ್’ ಆಗುತ್ತದೆ. ನಮ್ಮ–ನಮ್ಮದು ‘ಅವರ್–ಅವರ್ಸ್’. ಅಕಿಯ–ಅಕೀದು ‘ಹರ್–ಹರ್ಸ್’. ಅವರ–ಅವರದು ‘ದೇರ್–ದೇರ್ಸ್’. ‘ಹಿಸ್’ ಮಾತ್ರ ಎರಡೂ ಕಡೆ ಒಂದೇ. ಪೆನ್ನು ಜಾಸ್ತಿ ಇದ್ದರೆ ನಾವು ‘ನನ್ನವು’ ಅನ್ನುತ್ತೇವೆ, ಆದರೆ ‘ಮೈನ್’ ಬದಲಾಗುವುದಿಲ್ಲ: ‘ದೀಸ್ ಪೆನ್ಸ್ ಆರ್ ಮೈನ್.’

ಇಷ್ಟು ಸುಲಭ. ಕನ್ನಡದ ರೂಢಿ ಅಡ್ಡ ಬರುವ ಜಾಗಗಳಲ್ಲಿ ನಿಜವಾದ ಕಷ್ಟ ಇದೆ.

ಮೊದಲನೆಯದು ಗೌರವ. ‘ನಮ್ಮ ಸರ್ ತಮ್ಮ ಬೈಕ್ ಮಾರಿದರು’ ಅನ್ನೋದನ್ನ ಮಕ್ಕಳು ‘ಅವರ್ ಸರ್ ಸೋಲ್ಡ್ ದೇರ್ ಬೈಕ್’ ಅಂತ ಬರೆಯುತ್ತಾರೆ. ಓದಿದವರಿಗೆ ಸರ್ ಇನ್ಯಾರದೋ ಬೈಕ್ ಮಾರಿದಂತೆ ಕಾಣುತ್ತದೆ! ಅಲ್ಲಿ ‘ಹಿಸ್ ಬೈಕ್’ ಬರಬೇಕು. ಅಪ್ಪನಿಗೆ, ಗುರುಗಳಿಗೆ ‘ಹಿಸ್’ ಬರೆಯಲು ಮಕ್ಕಳ ಕೈ ಹಿಂಜರಿಯುತ್ತದೆ. ಆ ಮರ್ಯಾದೆಯ ಸ್ವಭಾವ ನನಗೆ ಬಹಳ ಇಷ್ಟ. ಆದರೆ ಇಂಗ್ಲಿಷಿನಲ್ಲಿ ಗೌರವಕ್ಕೆ ಅಂತ ‘ದೇರ್’ ಬಳಸುವುದಿಲ್ಲ. ರಾಷ್ಟ್ರಪತಿ ಗಂಡಸಾದರೆ ‘ಹಿಸ್’, ಹೆಂಗಸಾದರೆ ‘ಹರ್’. ಗಂಡೋ ಹೆಣ್ಣೋ ಗೊತ್ತಿಲ್ಲದಾಗ ಒಬ್ಬರಿಗೂ ‘ದೇರ್’ ಬರುತ್ತದೆ, ಅದು ಬೇರೆ ಮಾತು.

ನಮ್ಮ ಊರಲ್ಲಿ ಮನೆಮಾತು ಮರಾಠಿ ಇರುವ ಮಕ್ಕಳೂ ಬಹಳ. ಮರಾಠಿಯಲ್ಲಿ ‘ತ್ಯಾಚಾ ಭಾವೂ’, ‘ತ್ಯಾಚೀ ಬಹೀಣ್’. ಅಣ್ಣನೋ ತಂಗಿಯೋ ನೋಡಿಕೊಂಡು ಮೊದಲಿನ ಪದದ ಕೊನೆ ಬದಲಾಗುತ್ತದೆ. ಆ ಅಭ್ಯಾಸದಲ್ಲಿ ರಮೇಶನ ತಂಗಿಯನ್ನು ‘ಹರ್ ಸಿಸ್ಟರ್’ ಅಂತ ಬರೆದುಬಿಡುತ್ತಾರೆ. ಇಂಗ್ಲಿಷ್ ನೋಡೋದು ಯಾರ ತಂಗಿ ಅನ್ನೋದನ್ನ ಮಾತ್ರ. ರಮೇಶನ ತಂಗಿ ‘ಹಿಸ್ ಸಿಸ್ಟರ್’, ಸವಿತಾಳ ಅಣ್ಣ ‘ಹರ್ ಬ್ರದರ್’.

ಇನ್ನೊಂದು ಕಡೆ ಕನ್ನಡದಲ್ಲಿ ಯಾರದು ಅಂತ ಹೇಳುವುದೇ ಇಲ್ಲ. ‘ಅವನು ಕೈ ತೊಳೆದುಕೊಂಡ.’ ಯಾರ ಕೈ? ತನ್ನದೇ ಅಂತ ‘ಕೊಂಡ’ ಹೇಳಿಬಿಟ್ಟಿತು, ಅಲ್ವಾ? ಇಂಗ್ಲಿಷ್ ಕ್ರಿಯಾಪದಕ್ಕೆ ಆ ಶಕ್ತಿ ಇಲ್ಲ. ಅದಕ್ಕೇ ‘ಹಿ ವಾಶ್ಡ್ ಹಿಸ್ ಹ್ಯಾಂಡ್ಸ್’ ಅನ್ನಬೇಕು. ‘ಹಿಸ್’ ಬಿಟ್ಟರೆ ವಾಕ್ಯ ಕುಂಟುತ್ತದೆ. ಹಲ್ಲುಜ್ಜುವುದು, ತಲೆ ಬಾಚುವುದು, ಚಪ್ಪಲಿ ಹಾಕಿಕೊಳ್ಳುವುದು ಎಲ್ಲಕ್ಕೂ ಇದೇ ದಾರಿ: ‘ಐ ಬ್ರಶ್ ಮೈ ಟೀತ್’, ‘ಶಿ ಕೋಂಬ್ಸ್ ಹರ್ ಹೇರ್’. ಬೆಳಿಗ್ಗೆ ಎದ್ದಾಗಿನಿಂದ ಮಾಡುವ ಕೆಲಸಗಳನ್ನು ಹೀಗೆ ಒಂದೊಂದಾಗಿ ಹೇಳಿಕೊಳ್ಳಿ. ಆಮೇಲೆ ಅವನ್ನೇ ಅಮ್ಮನ ಬಗ್ಗೆ ಹೇಳಿ. ‘ಮೈ’ ಇದ್ದಲ್ಲೆಲ್ಲ ‘ಹರ್’ ಬರಬೇಕು.

ಬರೆಯುವಾಗ ಅಪಾಸ್ಟ್ರಫಿ, ಅಂದರೆ ಅಕ್ಷರದ ಮೇಲ್ಗಡೆ ಹಾಕುವ ಪುಟ್ಟ ಕೊಕ್ಕೆ (’) ಮೇಲೆ ಕಣ್ಣಿರಲಿ. ‘ಯುವರ್ಸ್’, ‘ಹರ್ಸ್’, ‘ಅವರ್ಸ್’, ‘ದೇರ್ಸ್’ ಯಾವುದಕ್ಕೂ ಅದು ಬೇಡ. ‘ಇಟ್ಸ್’ ಬಂದರೆ ಆ ಜಾಗದಲ್ಲಿ ‘ಇಟ್ ಈಸ್’ ಅಥವಾ ‘ಇಟ್ ಹ್ಯಾಸ್’ ಇಟ್ಟು ಓದಿ. ಅರ್ಥ ಕೂಡಿದರೆ ಎಸ್ ಮುಂಚೆ ಅಪಾಸ್ಟ್ರಫಿ ಹಾಕಿ. ನಾಯಿ ತನ್ನ ಬಾಲ ಆಡಿಸುತ್ತಿದ್ದರೆ, ಆ ‘ತನ್ನ’ ಅನ್ನೋ ‘ಇಟ್ಸ್’ಗೆ ಹಾಕಬೇಡಿ. ಎಸ್ಸೆಸ್ಸೆಲ್ಸಿ ಮಕ್ಕಳು ಪತ್ರದ ಕೊನೆಯ ‘ಯುವರ್ಸ್ ಫೇತ್‌ಫುಲ್ಲಿ’ಯನ್ನು ಇನ್ನೊಮ್ಮೆ ನೋಡಿ. ಅಲ್ಲಿ ಆರ್ ಮತ್ತು ಎಸ್ ನಡುವೆ ಏನೂ ಇರಬಾರದು.