3D ಚಿತ್ರ ಮಾಡುವ ಬ್ಲೆಂಡರ್ ಸಾಫ್ಟ್‌ವೇರ್‌ನಲ್ಲಿ ನೀವು ಮಾಡಿದ ಮುಖ ಮೇಣದ ಗೊಂಬೆ ಥರ ಕಾಣುತ್ತಿದೆಯಾ?

ಕೂಡಲೇ ಚರ್ಮದ ಟೆಕ್ಸ್ಚರ್ ಬದಲಿಸಲು ಹೋಗಬೇಡಿ. ಮೊದಲು ಮಾಡೆಲ್‌ನ ಎತ್ತರ ನೋಡಿ. 1.7 ಮೀಟರ್ ಇರಬೇಕಾದ ಮನುಷ್ಯ 17 ಸೆಂಟಿಮೀಟರ್ ಇದ್ದರೆ, ಚರ್ಮದೊಳಗೆ ಬೆಳಕು ಹರಡಿಸುವ ಸಬ್‌ಸರ್ಫೇಸ್ ಸೆಟ್ಟಿಂಗ್‌ನಿಂದ ಬೆಳಕು ಅತಿಯಾಗಿ ಹರಡಿ ಮುಖ ಮೇಣದಂತಾಗುತ್ತದೆ.

ಇನ್ನು ಬೆಳಕು. ನಮ್ಮ ಕಲಬುರಗಿ ಕೋಟೆಯ ಜಾಮಿ ಮಸೀದಿ ನೆನಪಿದೆ ಅಲ್ವಾ? 1367ರ ಕಟ್ಟಡ. ಮಧ್ಯೆ ತೆರೆದ ಅಂಗಳವೇ ಇಲ್ಲ, ಬೆಳಕು ಹೆಚ್ಚಾಗಿ ಪಕ್ಕದ ಕಮಾನುಗಳಿಂದ ಬರುತ್ತದೆ. ಅಂಥ ಕಮಾನಿನ ಹತ್ತಿರ ನಿಂತವರ ಒಂದು ಕೆನ್ನೆ ಬೆಳಗುತ್ತದೆ, ಇನ್ನೊಂದಕ್ಕೆ ನೆರಳು ಮೆಲ್ಲಗೆ ಇಳಿಯುತ್ತದೆ. ಎಷ್ಟು ಚೆಂದ! ಬ್ಲೆಂಡರ್‌ನಲ್ಲಿ ಅಂಥ ಬೆಳಕಿಗೆ ಒಂದೇ ಏರಿಯಾ ಲೈಟ್ (ಹಲಗೆಯಂತೆ ಅಗಲವಾದ ದೀಪ) ಸಾಕು. ಪಕ್ಕದಲ್ಲಿ, ಕಣ್ಣಿಗಿಂತ ಸ್ವಲ್ಪ ಮೇಲೆ ಇಡಿ. ಸೈಜ್ 1 ಮೀಟರ್‌ಗಿಂತ ಜಾಸ್ತಿ ಮಾಡಿ ಹತ್ತಿರ ತನ್ನಿ. ದೀಪ ದೊಡ್ಡದಾಗಿ, ಹತ್ತಿರ ಇದ್ದಷ್ಟೂ ನೆರಳಿನ ಅಂಚು ಮೆತ್ತಗಾಗುತ್ತದೆ.

ಬಿಸಿಲಿಗೆ ಸನ್ ಲೈಟ್ ಹಾಕಿ. ಅದರ ಆಂಗಲ್ 0.526 ಡಿಗ್ರಿ ಹಾಗೇ ಇರಲಿ, ಆಕಾಶದಲ್ಲಿ ಸೂರ್ಯ ಕಾಣುವ ಅಗಲ ಸುಮಾರು ಅಷ್ಟೇ. ಆದರೆ ಕಾಲಡಿ ನೆಲ ಮರೆಯಬೇಡಿ. ಶಹಾಬಾದ್ ಕಲ್ಲಿನ ಬೂದು ಬಣ್ಣ ಕೊಟ್ಟು ಸೈಕಲ್ಸ್‌ನಲ್ಲಿ (ಬೆಳಕು ಪುಟಿಯುವುದನ್ನೂ ಲೆಕ್ಕ ಹಾಕುವ ಬ್ಲೆಂಡರ್‌ನ ರೆಂಡರ್ ಎಂಜಿನ್) ರೆಂಡರ್ ಮಾಡಿ, ಅಂದರೆ ಕೊನೆಯ ಚಿತ್ರ ತೆಗೆಯಿರಿ. ನೆಲದಿಂದ ಪುಟಿದ ಬೆಳಕು ಗದ್ದದ ಕೆಳಗಿನ ಕಪ್ಪನ್ನು ತಿಳಿಯಾಗಿಸುತ್ತದೆ.

ಕೊನೆಗೆ ಕಣ್ಣು ಹತ್ತಿರದಿಂದ ನೋಡಿ. ಅದರಲ್ಲಿ ದೀಪದ ಹೊಳಪು ಕಾಣದಿದ್ದರೆ ಲೈಟನ್ನು ಪಕ್ಕದಿಂದ ಮುಖದ ಎದುರಿನ ಕಡೆಗೆ ಸ್ವಲ್ಪ ಸರಿಸಿ.